ದರದ ಲಕೋಟೆಗೆ ಮುಂಚೆ
ಬಸವೇಶ್ವರನಗರದಲ್ಲಿ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು ತೆಗೆಸುವುದು ಇಸಿ, ಅಂದರೆ ಋಣಭಾರ ಪತ್ರ; ಆಸ್ತಿಯ ಮೇಲಿನ ನೋಂದಾಯಿತ ಅಡಮಾನ, ಕ್ರಯ ಎಲ್ಲ ಅದರಲ್ಲಿ ಬಯಲಾಗುತ್ತವೆ. 2023ರಲ್ಲಿ ಬಂದ, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಈ ಕೆಲಸವನ್ನು ಮನೆಯಿಂದಲೇ ಮುಗಿಸಬಹುದು. ಆದರೆ 2025ರ ಜನವರಿಯಲ್ಲಿ ನಕಲಿ ಖಾತೆಗಳಿಂದ ಇದೇ ಇಸಿ ಹುಡುಕಾಟದ ಕೋರಿಕೆಗಳು ಪ್ರವಾಹದಂತೆ ನುಗ್ಗಿ, ರಾಜ್ಯದ ಉದ್ದಗಲಕ್ಕೂ ಆಸ್ತಿ ನೋಂದಣಿ ಕುಂಟಿತು. ಸೈಬರ್ ಪೊಲೀಸರಿಗೆ ದೂರು ಹೋಯಿತು. ಕಿಡಿಗೇಡಿಗಳದ್ದೇ ತಪ್ಪು, ಸರಿ. ಆದರೆ ಹುಡುಕಾಟದ ಭಾರ ನೋಂದಣಿಯನ್ನೂ ಕೆಡವದಂತೆ ಎರಡನ್ನೂ ಬೇರೆಬೇರೆ ಇಡುವುದು ವಿನ್ಯಾಸದ ಮಾತು, ಸರ್ಕಾರ ತಂತ್ರಾಂಶ ಕೊಳ್ಳುವಾಗಲೇ ಕೇಳಬೇಕಾದದ್ದು. ಭಾರ ತಡೆಯದೆ ಕುಸಿದ ಉದಾಹರಣೆ ಬೇರೆಡೆಯೂ ಇದೆ: ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ವಿಮೆ ಮಾಡಿಸಿಕೊಳ್ಳಲು ಆದದ್ದು ಬರೀ 6 ಮಂದಿಗೆ. ಟೆಂಡರಿನಲ್ಲಿ ಕಂಪನಿಯ ವಹಿವಾಟು, ಅನುಭವ, ಎಲ್-1 ಅಂದರೆ ಅತಿ ಕಡಿಮೆ ದರ ಅಳೆಯುವುದು ಸುಲಭ. ಏಕಕಾಲಕ್ಕೆ ಲಕ್ಷ ಜನ ಬಂದರೆ ತಡೆಯುತ್ತದೆಯೇ, ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾದ ಕೊಂಡಿ ಕಡಿದರೆ ಉಳಿದ ಕೆಲಸ ಸಾಗುತ್ತದೆಯೇ ಎಂಬುದನ್ನು ಬಿಡ್‌ದಾರರು ಮಾದರಿ ಕಟ್ಟಿ, ಅಧಿಕಾರಿಗಳ ಕಣ್ಣೆದುರೇ ನಡೆಸಿ ತೋರಿಸಬೇಕು. ದರದ ಲಕೋಟೆ ಒಡೆಯುವುದು ಅದಾದ ಮೇಲೆ.