ವಿಹಾರಧಾಮಗಳೂ ಸರದಿಯ ಸಾಲೂ

ಕಳೆದ ಡಿಸೆಂಬರಿನಲ್ಲಿ ನಮ್ಮ ತರಗತಿಯವರು ಪ್ರವಾಸ ಹೊರಟು ಒಂದು ವಿಹಾರಧಾಮಕ್ಕೆ ಹೋಗಿದ್ದೆವೆಂಬುದು ಕಾಲೇಜಿನ ಮಿತ್ರರಿಗೆಲ್ಲ ತಿಳಿದ ಸಂಗತಿ. ಥೀಮ್ ಪಾರ್ಕ್ ಎಂದು ಅದಕ್ಕೆ ಹೆಸರು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ, ಒಂದೇ ಹಾಡಿಗೆ ಚಪ್ಪಾಳೆ ತಟ್ಟುತ್ತ ಹೋದ ನಲವತ್ತೆರಡು ಮಂದಿ ದ್ವಾರದ ಬಳಿ ಎರಡು ಪಂಗಡವಾದೆವು. ಹೆಚ್ಚು ಹಣ ತೆತ್ತು ಸಾಲು ತಪ್ಪಿಸಿಕೊಳ್ಳುವ ಚೀಟಿಯನ್ನು ಕೊಂಡವರು ಹದಿನಾಲ್ಕು ಮಂದಿ, ಕೊಳ್ಳಲಾರದವರು ಉಳಿದವರು. ಅವ್ವ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಬುತ್ತಿಯನ್ನು ಕಾವಲುಗಾರನು ಗೇಟಿನಲ್ಲಿಯೇ ಇರಿಸಿಕೊಂಡನು. ಸಂಜೆಯವರೆಗೆ ನಾನು ಏರಿದ ಆಟದ ಯಂತ್ರಗಳು ನಾಲ್ಕು; ಬಿಸಿಲಿನಲ್ಲಿ ನಿಂತದ್ದು ಐದು ಗಂಟೆ.

ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ಓದುಬರಹ ತಿಳಿಯದಿದ್ದರೂ ಲೆಕ್ಕದಲ್ಲಿ ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳನ್ನು ಮೀರಿಸುವವರು. ರಾತ್ರಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಆಟ ಆಡ್ದೆ?" ನಾಲ್ಕು ಎಂದೆ. ಕ್ಷಣಕಾಲ ಸುಮ್ಮನಿದ್ದು, "ಒಂದೊಂದ್ ಆಟಕ್ಕೆ ಒಂದೊಪ್ಪತ್ತಿನ ಕೂಲಿ ಬಿತ್ತಲ್ಲ ಮಗ" ಎಂದರು. ಬೈಗುಳವಾಗಿದ್ದರೆ ಸಹಿಸಬಹುದಾಗಿತ್ತು. ಅದು ಬೈಗುಳವಲ್ಲ, ಭಾಗಾಕಾರ.

ಇದನ್ನು ಬಡವನ ಅಸೂಯೆಯೆಂದು ತಳ್ಳಿಹಾಕುವವರಿದ್ದಾರೆ. ಅಸೂಯೆ ಕೊಂಚ ಇತ್ತೆಂದು ಒಪ್ಪಿಕೊಂಡೇ ಮುಂದಿನ ಮಾತಿಗೆ ಬರುತ್ತೇನೆ. ನಾವು ಕಂಡದ್ದರ ದೊಡ್ಡಣ್ಣ ಅಮೆರಿಕದಲ್ಲಿದೆ. ವಾಲ್ಟ್ ಡಿಸ್ನಿ ಎಂಬ ಚಿತ್ರನಿರ್ಮಾಪಕನು ಲಾಸ್ ಏಂಜಲೀಸಿನ ಗ್ರಿಫಿತ್ ಉದ್ಯಾನದಲ್ಲಿ ತನ್ನ ಹೆಣ್ಣುಮಕ್ಕಳು ಸುತ್ತುಗುದುರೆಯ ಮೇಲೆ ಆಡುತ್ತಿರುವಾಗ ತಾನೊಬ್ಬನೇ ಬೆಂಚಿನ ಮೇಲೆ ಕುಳಿತು, ತಂದೆತಾಯಿಗಳೂ ಮಕ್ಕಳೂ ಕೂಡಿ ನಲಿಯುವ ಸ್ಥಳವೊಂದಿರಬಾರದೇಕೆ ಎಂದು ಯೋಚಿಸಿದನಂತೆ. ಆ ಯೋಚನೆಯ ಫಲವಾಗಿ 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅವನು 1966ರಲ್ಲಿ ತೀರಿಕೊಂಡನು. 1971ರ ಅಕ್ಟೋಬರ್ 1ರಂದು ಫ್ಲಾರಿಡದಲ್ಲಿ, ವಸತಿಗೃಹಗಳನ್ನೂ ಒಳಗೊಂಡು, ಡಿಸ್ನಿ ವರ್ಲ್ಡ್ ತಲೆಯೆತ್ತಿತು. ಆಗ ದೊಡ್ಡವರಿಗೆ ಪ್ರವೇಶ ಶುಲ್ಕ ಮೂರೂವರೆ ಡಾಲರು. ಬೆಲೆಯೇರಿಕೆಯನ್ನು ಲೆಕ್ಕಹಾಕಿದರೆ 2023ರ ವೇಳೆಗೆ ಅದು ಸುಮಾರು 26 ಡಾಲರು ಆಗಬೇಕಿತ್ತು. ಆ ವರ್ಷ ಜನಸಂದಣಿಯ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಉದ್ಯಾನಕ್ಕೆ ತೆಗೆದುಕೊಂಡದ್ದು 189 ಡಾಲರು! ಮೊದಲಿನ ದಿನಗಳಲ್ಲಿ ಆಟಗಳಿಗೆ ಬೇರೆ ಚೀಟಿ ಕೊಳ್ಳಬೇಕಾಗಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಹೊಸ ಹೊಸ ಯಂತ್ರಗಳೂ ಬಂದಿವೆ. ಹಾಗಿದ್ದರೂ ಅಂತರ ಅಂತರವೇ.

ಬೆಲೆ ಏರಿದ್ದೇ ನನ್ನ ದೂರಲ್ಲ. ಅಕ್ಕಿಯ ಬೆಲೆಯೂ ಏರಿದೆ. ಏರಿದ ಬೆಲೆಗೆ ಬರುತ್ತಿದ್ದ ವಸ್ತು ಕುಗ್ಗಿದ್ದೇ ದೂರು. ವಸತಿಗೃಹದಲ್ಲಿ ತಂಗುವವರನ್ನು ವಿಮಾನ ನಿಲ್ದಾಣದಿಂದ ಪುಕ್ಕಟೆಯಾಗಿ ಕರೆತರುತ್ತಿದ್ದ ಬಸ್ಸು 2005ರಲ್ಲಿ ಆರಂಭವಾಗಿ 2022ರ ಜನವರಿಯಲ್ಲಿ ನಿಂತಿತು. ಸಾಲಿನಲ್ಲಿ ನಿಲ್ಲದೆ ವೇಳೆ ಗೊತ್ತುಮಾಡಿಕೊಂಡು ಬರುವ ಫಾಸ್ಟ್‌ಪಾಸ್ ಎಂಬ ಸೌಕರ್ಯ 1999ರಿಂದ ಎಲ್ಲರಿಗೂ ಉಚಿತವಾಗಿತ್ತು. 2021ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ತಲೆಗೆ ದಿನಕ್ಕೆ 15 ಡಾಲರಿನ ಹೊಸ ಏರ್ಪಾಡು ಬಂದಿತು. ಪ್ರವೇಶ ಶುಲ್ಕದಲ್ಲಿಯೇ ಅಡಗಿದ್ದುದನ್ನು ಹೊರತೆಗೆದು ಮತ್ತೊಮ್ಮೆ ಮಾರುವುದೆಂದರೆ ಇದೇ. ತಂಗುವವರ ಕಾರು ನಿಲ್ಲಿಸಲೂ 2018ರಲ್ಲಿ ಶುಲ್ಕ ಹಾಕಿದ್ದರು. ಜನರ ಗೊಣಗಾಟದ ನಡುವೆ 2023ರಲ್ಲಿ ಅದನ್ನು ಕೈಬಿಟ್ಟರು. ಆದ್ದರಿಂದ ಗೊಣಗುವುದು ತೀರ ನಿರರ್ಥಕವೆಂದು ನಾನು ತಿಳಿಯಲಾರೆ.

"ಹಣವಿದ್ದವನು ಕೊಳ್ಳುತ್ತಾನೆ, ನಿನ್ನ ಗಂಟೇನು ಹೋಯಿತು?" ಎಂದು ಅಂದು ಬಸ್ಸಿನಲ್ಲಿಯೇ ಮಿತ್ರನೊಬ್ಬನು ಕೇಳಿದನು. ಗಂಟು ಹೋಗುವುದು ಹೇಗೆಂದು ನೋಡಿ. ಒಂದು ಯಂತ್ರ ಗಂಟೆಗೆ 1000 ಮಂದಿಯನ್ನು ಕೂರಿಸಬಲ್ಲದೆಂದು ಇಟ್ಟುಕೊಳ್ಳೋಣ. ನನ್ನ ಮುಂದೆ 600 ಮಂದಿ ಇದ್ದರೆ ಮೂವತ್ತಾರು ನಿಮಿಷಗಳಲ್ಲಿ ನನ್ನ ಸರದಿ ಬರಬೇಕು. ಆದರೆ 700 ಸ್ಥಾನಗಳು ವಿಶೇಷ ಚೀಟಿಯವರಿಗೆ ಮೀಸಲಾದರೆ ನಮ್ಮ ಪಾಲಿಗೆ ಉಳಿಯುವುದು 300. ಅದೇ ಸಾಲು ಎರಡು ಗಂಟೆಯದಾಗುತ್ತದೆ. ಯಂತ್ರವೊಂದೇ, ಅದು ಬೇಗ ತಿರುಗಲಿಲ್ಲ. ಮಿತ್ರನು ಕೊಂಡದ್ದು ವೇಗವನ್ನಲ್ಲ, ನನ್ನ ಹೊತ್ತನ್ನು. ಅದರ ಹಣ ನನಗೆ ಬರಲಿಲ್ಲ! ಇನ್ನೊಂದು ಮಾತು. ಸಾಮಾನ್ಯ ಸಾಲು ಬೆಳೆದಷ್ಟೂ ವಿಶೇಷ ಚೀಟಿ ಹೆಚ್ಚು ಖರ್ಚಾಗುವುದು. ಹೀಗಿರುವಲ್ಲಿ ಸಾಲನ್ನು ಚಿಕ್ಕದು ಮಾಡುವ ಆಸಕ್ತಿ ವ್ಯವಸ್ಥಾಪಕರಿಗೆ ಎಲ್ಲಿಂದ ಬರಬೇಕು?

ನಮ್ಮ ದೊಡ್ಡ ದೇವಾಲಯಗಳಲ್ಲಿಯೂ ವಿಶೇಷ ದರ್ಶನದ ಚೀಟಿ ಉಂಟಲ್ಲವೆ ಎನ್ನುವಿರಿ. ಉಂಟು. ಅಲ್ಲಿ ದೇವರಾದರೂ ಎರಡೂ ಸಾಲಿನವರನ್ನು ನೋಡುತ್ತಾನೆಂಬ ಸಮಾಧಾನವಿದೆ. ಆ ವಾದಕ್ಕೆ ಇಳಿಯುವಷ್ಟು ಧೈರ್ಯ ನನಗಿಲ್ಲ. ನಮ್ಮೂರ ಜಾತ್ರೆಯ ತೊಟ್ಟಿಲನ್ನು ಮಾತ್ರ ಬಲ್ಲೆ. ಅದು ಕಿರುಗುಟ್ಟುತ್ತದೆ, ಮೇಲೇರಿದಾಗ ಎಣ್ಣೆಯ ಹನಿ ಅಂಗಿಯ ಮೇಲೆ ಬೀಳುತ್ತದೆ. ಆದರೆ ಪಟೇಲರ ಮೊಮ್ಮಗನೂ ನಾನೂ ಒಂದೇ ಹಲಗೆಯ ಮೇಲೆ ಕೂತು ಒಟ್ಟಿಗೇ ಕಿರುಚಿದ್ದೇವೆ.

ಮರಳುವಾಗ ಬಸ್ಸಿನಲ್ಲಿ ಹಾಡು ಏಳಲಿಲ್ಲ. ಹದಿನಾಲ್ಕು ಮಂದಿ ತಾವು ಏರಿದ ಹನ್ನೆರಡು ಆಟಗಳ ಮಾತನ್ನು ತಮ್ಮತಮ್ಮಲ್ಲೇ ಆಡಿಕೊಂಡರು. ಕೇಳಿಸಿಕೊಳ್ಳಲು ನಮಗೂ, ಹೇಳಲು ಅವರಿಗೂ ಸಂಕೋಚ. ಅವರನ್ನು ದೂರುವುದಿಲ್ಲ. ಚೀಟಿಯನ್ನು ಮಾರುತ್ತಿದ್ದರು, ಅವರು ಕೊಂಡರು.

ಇದು ನನ್ನ ಅಂತಿಮ ವರ್ಷ. ಮುಂದಿನ ಪ್ರವಾಸಕ್ಕೆ ನಾನಿರುವುದಿಲ್ಲ. ಆದರೂ ಪ್ರವಾಸ ಸಮಿತಿಯ ಪೂಜ್ಯ ಅಧ್ಯಾಪಕರಲ್ಲಿಯೂ ಕಿರಿಯ ಮಿತ್ರರಲ್ಲಿಯೂ ಒಂದು ಬಿನ್ನಹವಿದೆ. ಅಂಥ ಸ್ಥಳಕ್ಕೇ ಹೋಗುವುದಾದರೆ ಎಲ್ಲರಿಗೂ ಒಂದೇ ಬಗೆಯ ಚೀಟಿಯೆಂದು ಹೊರಡುವ ಮೊದಲೇ ಗೊತ್ತುಪಡಿಸಿರಿ. ಅದು ಆಗದೆಂದರೆ ಬುತ್ತಿಗೆ ತಡೆಯಿಲ್ಲದ ಹೊಳೆದಂಡೆಯೊಂದನ್ನು ಆರಿಸಿರಿ. ನಾನು ಬರದಿದ್ದರೂ ಚಿತ್ರಾನ್ನವನ್ನು ಅವ್ವ ಕಳುಹಿಸಿಕೊಡುತ್ತಾಳೆ.