ಹನಿಮೂನ್ ರೂಟ್ ಮ್ಯಾಪಿನಲ್ಲಿ ಜಾತಿ ಎಲ್ಲಿ ಬರುತ್ತೆ ಅಂತ ಕೇಳಿದವರಿಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ನಮ್ಮ ಸಂಘಟನೆಯ ಹುಡುಗನೊಬ್ಬ ಹೋದ ತಿಂಗಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ. ಹುಡುಗಿ ಬೇರೆ ಜಾತಿ. ಬೆಂಗಳೂರಿಂದ ಹೊರಟು ಐದು ದಿನ ಮಲೆನಾಡು ಸುತ್ತಿ ಬರ್ತೀವಿ, ಒಂದು ರೂಟ್ ಹಾಕಿಕೊಡಿ ಅಂತ ಇಬ್ಬರೂ ಗುಂಪಿನಲ್ಲಿ ಕೇಳಿದರು. ರೂಮು ಬುಕ್ ಮಾಡೋ ಮುಂಚೆ ಫೋನಲ್ಲಿ ಏನೇನು ಕೇಳಬೇಕು ಅಂತ ನಾನು ಬರೆದೆ. ಎರಡು ಕಡೆಯಿಂದ ಏಟು ಬಿತ್ತು. ಒಬ್ಬರು, "ಹನಿಮೂನು ಉಳ್ಳವರ ಶೋಕಿ, ಚಳವಳಿಯವರಿಗೆ ಯಾಕೆ ಬೇಕು" ಅಂದರು. ಇನ್ನೊಬ್ಬರು, "ಅಲ್ಲಣ್ಣ, ಹನಿಮೂನ್‌ಗೂ ಜಾತಿ ತರ್ತೀರಲ್ಲ, ಎರಡು ದಿನನಾದ್ರೂ ಅವರನ್ನ ನೆಮ್ಮದಿಯಾಗಿ ಬಿಡಿ" ಅಂದರು.

ಇಬ್ಬರಿಗೂ ಉತ್ತರ ಕೊಡಲೇಬೇಕು.

ಮೊದಲು ಶೋಕಿ ಅಂದವರಿಗೆ. ನಮ್ಮ ಅಪ್ಪ ಅಮ್ಮಂದಿರು ಬೆಟ್ಟಕ್ಕೆ ಹೋಗಿಲ್ಲ ಅಂತಲ್ಲ. ಸೌದೆಗೆ ಹೋದರು, ದನ ಕಾಯೋಕೆ ಹೋದರು, ಕಾಫಿ ಕುಯ್ಯೋಕೆ ಹೋದರು, ರಸ್ತೆಗೆ ಜಲ್ಲಿ ಒಡೆಯೋಕೆ ಹೋದರು. ಸುಮ್ಮನೆ ನಿಂತು ನೋಡೋಕೆ ಮಾತ್ರ ಹೋಗಲಿಲ್ಲ. ಕೆಲಸವಿಲ್ಲದೆ ಒಂದು ಕಡೆ ಕೂತು, ಪಕ್ಕದಲ್ಲಿ ಇಷ್ಟಪಟ್ಟವರ ಕೈ ಹಿಡಿದು, ಸೂರ್ಯ ಮುಳುಗೋದನ್ನ ನೋಡೋದೂ ನಮಗೆ ಸಿಗದೇ ಹೋದ ಒಂದು ಹಕ್ಕು. ಭೂಮಿ ಕೇಳ್ತೀವಿ, ನೌಕರಿ ಕೇಳ್ತೀವಿ. ಸಂತೋಷ ಕೇಳೋಕೆ ಮಾತ್ರ ಯಾಕೆ ಸಂಕೋಚ?

ಇನ್ನು ಜಾತಿ ತರಬೇಡಿ ಅಂದವರಿಗೆ. ನಾವು ತರೋದಲ್ಲ ಸ್ವಾಮಿ, ನಾವು ಹೋಗೋ ಮುಂಚೇನೆ ಅದು ಅಲ್ಲಿ ಹೋಗಿ ಕೂತಿರುತ್ತೆ.

ಬಾಬಾಸಾಹೇಬರು ತಮ್ಮ ಆತ್ಮಕಥನದ ಕೆಲವೇ ಪುಟ ಬರೆದಿದ್ದಾರೆ. 'ವೀಸಾಗಾಗಿ ಕಾಯುತ್ತ' ಅಂತ ನಮ್ಮಲ್ಲಿ ಸುಮಾರು ಜನ ಓದಿದ್ದೀವಿ. ಅದರಲ್ಲಿ ಎಷ್ಟು ಕತೆ ಪ್ರಯಾಣದ್ದೇ ಅಂತ ಗಮನಿಸಿದ್ದೀರಾ? 1901ರಲ್ಲಿ ಅಪ್ಪನನ್ನು ನೋಡೋಕೆ ಹೊರಟ ಮಕ್ಕಳಿಗೆ ರೈಲ್ವೆ ಸ್ಟೇಷನ್ನಿನ ಹೊರಗೆ ಗಾಡಿ ಸಿಗಲಿಲ್ಲ. ಡಬಲ್ ಬಾಡಿಗೆ ಕೊಟ್ಟು, ಗಾಡಿಯನ್ನ ತಾವೇ ಹೊಡ್ಕೊಂಡು ಹೋಗಬೇಕಾಯ್ತು. ಬುತ್ತಿ ಇತ್ತು, ಕುಡಿಯೋಕೆ ನೀರು ಕೊಡೋರಿಲ್ಲ. 1929ರಲ್ಲಿ ಚಾಳೀಸಗಾಂವ್. ಅಷ್ಟು ಹೊತ್ತಿಗೆ ಅವರು ಬ್ಯಾರಿಸ್ಟರು. ಟಾಂಗಾದವನು ಅವರನ್ನ ಕೂರಿಸ್ಕೊಂಡು ಹೊಡೆಯೋಕೆ ಒಪ್ಪಲಿಲ್ಲ. ಹೊಡೆದು ಅಭ್ಯಾಸ ಇಲ್ಲದ ನಮ್ಮವನೇ ಒಬ್ಬ ಹೊಡೆದು, ಟಾಂಗಾ ಪಲ್ಟಿಯಾಗಿ ಕಾಲು ಮುರಿಯಿತು. 1934ರಲ್ಲಿ ದೌಲತಾಬಾದ್ ಕೋಟೆ. ಅದು ಸಭೆಯೂ ಅಲ್ಲ, ಹೋರಾಟವೂ ಅಲ್ಲ. ಗೆಳೆಯರ ಜೊತೆ ಬಸ್ ಮಾಡ್ಕೊಂಡು ಊರು ನೋಡೋಕೆ ಹೋದದ್ದು, ಶುದ್ಧ ಟೂರು. ದಾರಿಯ ಧೂಳಿಗೆ ಕೆರೆಯಲ್ಲಿ ಮುಖ ತೊಳೆದದ್ದಕ್ಕೆ ಗಲಾಟೆಯಾಯ್ತು. ಕೋಟೆ ನೋಡಬಹುದು, ಆದರೆ ನೀರು ಮುಟ್ಟಬಾರದು ಅಂತ ಕಾವಲಿಗೆ ಒಬ್ಬ ಸಿಪಾಯಿಯನ್ನ ಹಿಂದೆ ಕಳಿಸಿದರು.

ಅದಕ್ಕೇ ಸಂವಿಧಾನದ 15(2)ನೇ ವಿಧಿ ಓದುವಾಗ ನನಗೆ ಅದು ಒಬ್ಬ ಪ್ರಯಾಣಿಕ ಬರೆದ ಪಟ್ಟಿ ಥರ ಕಾಣುತ್ತೆ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ರಸ್ತೆ ಅನ್ನೋ ಪದವೂ ಅದರಲ್ಲಿದೆ. ರೋಡ್ ಟ್ರಿಪ್ ನಮಗೆ ಹಾಗೆ ಬಂದದ್ದು.

ಅಮೆರಿಕದ ಕರಿಯರಿಗೂ ಇದೇ ಕತೆ. ವಿಕ್ಟರ್ ಗ್ರೀನ್ ಅಂತ ನ್ಯೂಯಾರ್ಕಿನ ಹಾರ್ಲೆಮ್‌ನ ಒಬ್ಬ ಪೋಸ್ಟ್‌ಮ್ಯಾನ್ 1936ರಲ್ಲಿ ಒಂದು ಪುಸ್ತಕ ಶುರು ಮಾಡಿದ. ಕರಿಯರು ಕಾರಲ್ಲಿ ಹೊರಟರೆ ಯಾವ ಊರಲ್ಲಿ ಊಟ ಸಿಗುತ್ತೆ, ಎಲ್ಲಿ ರೂಮು ಕೊಡ್ತಾರೆ, ಎಲ್ಲಿ ಪೆಟ್ರೋಲ್ ಹಾಕ್ತಾರೆ ಅನ್ನೋ ಪಟ್ಟಿ. ಗ್ರೀನ್ ಬುಕ್ ಅಂತ ಹೆಸರಾಯ್ತು, ಮೂವತ್ತು ವರ್ಷ ನಡೀತು. ಅದನ್ನ ಮಾಡಿದವನು ಪ್ರೊಫೆಸರಲ್ಲ, ನಾಯಕನಲ್ಲ. ಕಾಗದ ಹಂಚೋ ನೌಕರ. ಕಚೇರಿಯಲ್ಲಿ ದಿನಾ ಟಿ.ಎ. ಬಿಲ್ ಪರಿಶೀಲಿಸೋ ನನ್ನಂಥ ಗುಮಾಸ್ತನಿಗೆ ಅವನ ಮೇಲೆ ವಿಶೇಷ ಗೌರವ. ಹಾಗಾಗಿ ನಾನೂ ಒಂದು ಪ್ರವಾಸ ದಿನಚರಿ ಬರೀತೀನಿ. ಕಿಲೋಮೀಟರೂ ಇರುತ್ತೆ, ಕಿಲೋಮೀಟರಿನಲ್ಲಿ ಕಾಣದ್ದೂ ಇರುತ್ತೆ.

ಮೊದಲ ದಿನ. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಡಿ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಹಳೇಬೀಡು, ಬೇಲೂರು, ರಾತ್ರಿಗೆ ಚಿಕ್ಕಮಗಳೂರು. ಸುಮಾರು 260 ಕಿ.ಮೀ. ಹೆದ್ದಾರಿ ಚೆನ್ನಾಗಿದೆ. ಇದೇ ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ನಮ್ಮವರು ದೇವಸ್ಥಾನದ ಒಳಗೆ ಕಾಲಿಟ್ಟದ್ದು 2021ರಲ್ಲಿ, ಅದೂ ಅಧಿಕಾರಿಗಳು, ಪೊಲೀಸರು ಪಕ್ಕದಲ್ಲಿ ನಿಂತಾಗ. ರೀಲ್ಸ್ ಮಾಡೋರು ಯಾರೂ ಇದನ್ನ ರೂಟ್ ಮ್ಯಾಪಲ್ಲಿ ಹಾಕಲ್ಲ. ಬೇಲೂರಲ್ಲಿ 1117ರ ದೇವಸ್ಥಾನ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಗೈಡು ಮದನಿಕೆಯರನ್ನ ತೋರಿಸ್ತಾನೆ, ನೋಡಿ, ಕಣ್ಣು ತುಂಬ ನೋಡಿ. ಆಮೇಲೆ ಚೆನ್ನಕೇಶವನ ಚಪ್ಪಲಿ ಕತೆ ಕೇಳಿ. ಆ ಚಪ್ಪಲಿ ಹೊಲಿದು ಕೊಡ್ತಿದ್ದದ್ದು ಮಾದಿಗರು ಅಂತ ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲೇ ದಾಖಲಾಗಿದೆ. ದೇವರ ಕಾಲಿಗೆ ನಮ್ಮ ಕೈಕೆಲಸ ಬೇಕು, ನಮ್ಮ ಕಾಲು ಮಾತ್ರ ಹೊಸ್ತಿಲಾಚೆ.

ಎರಡನೇ ದಿನ. ಚಿಕ್ಕಮಗಳೂರು. ಎಲ್ಲೂ ಓಡಬೇಡಿ. ಒಂದೇ ದಿನಕ್ಕೆ ಏಳು ಜಾಗ ಅಂತ ಪಟ್ಟಿ ಕೊಡೋರನ್ನ ನಂಬಬೇಡಿ, ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋದರೆ ಹೆಚ್ಚು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ. ಶನಿವಾರ ಭಾನುವಾರ ಬಿಟ್ಟು ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನ ಕಡುಬು ಕೋಳಿ ಸಾರು ತಿಂದು ಮಲಗಿ. ಇದು ಹನಿಮೂನು ಕಣ್ರೋ, ತಪಾಸಣೆ ಟೂರಲ್ಲ.

ತೋಟದ ನಡುವಿನ ಹೋಂಸ್ಟೇನಲ್ಲಿ ಉಳೀತೀರಿ ಅಂದ್ಕೊಳ್ಳಿ. ನವೆಂಬರಿಂದ ಫೆಬ್ರವರಿ ಅಂದ್ರೆ ಹವಾ ಚೆನ್ನಾಗಿರುತ್ತೆ, ಹನಿಮೂನ್ ಜೋಡಿಗಳು ಬರೋ ಕಾಲ. ಕಾಫಿ ಕುಯ್ಲಿನ ಕಾಲವೂ ಅದೇ. ನಿಮ್ಮ ಬಾಲ್ಕನಿಯಿಂದ ಹಸಿರು ಕಾಣುತ್ತಲ್ಲ, ಅದರೊಳಗೆ ಬೆನ್ನು ಬಗ್ಗಿಸಿ ಹಣ್ಣು ಬಿಡಿಸ್ತಿರೋರು ಇರ್ತಾರೆ. ಸ್ವಲ್ಪ ಆಚೆ ಲೈನ್ ಮನೆಗಳಿರ್ತವೆ. ಜಾಹೀರಾತಿನ ಫೋಟೋದಲ್ಲಿ ಇರಲ್ಲ. 2022ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ, ಸಾಲದ ವಿಚಾರಕ್ಕೆ ದಲಿತ ಕಾರ್ಮಿಕರನ್ನ ಕೂಡಿಹಾಕಿದರು ಅನ್ನೋ ಆರೋಪದ ಮೇಲೆ ಅಟ್ರಾಸಿಟಿ ಕೇಸು ದಾಖಲಾಯ್ತು. ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್ ಚಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತುಹಾಕಿದರು. ಅದೂ ಟೂರಿಸ್ಟ್ ಸೀಸನ್ನೇ.

ಆ ನಾಲ್ಕು ಪ್ರಶ್ನೆ ಇಲ್ಲಿಗೆ ಬೇಕು.

ಒಂದು, ಫೋನಲ್ಲಿ ಇಬ್ಬರ ಹೆಸರನ್ನೂ ನೇರ ಹೇಳಿ. "ಯಾವೂರು, ಯಾರ ಪೈಕಿ" ಅಂತ ತಿರುಗಿ ಕೇಳಿದರೆ ಫೋನಿಟ್ಟುಬಿಡಿ. ಊಟ ಬಡಿಸೋಕೆ ಪೈಕಿ ಗೊತ್ತಾಗಬೇಕಿಲ್ಲ.

ಎರಡು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ, ರಸೀದಿ ಕೊಡ್ತೀರಾ ಅಂತ ಕೇಳಿ. ನಾಳೆ ಏನಾದ್ರೂ ಆದರೆ 1989ರ ಕಾಯ್ದೆ ನಿಮ್ಮ ಕಡೆ ಇದೆ, ಆದರೆ ಠಾಣೆಯಲ್ಲಿ ಕಾಗದ ಮಾತಾಡುತ್ತೆ. ಅನುಮಾನ ಇದ್ದರೆ ಸರ್ಕಾರದ ಮಯೂರ ಹೋಟೆಲ್ ಇದ್ದ ಕಡೆ ಇಳಿದುಕೊಳ್ಳಿ.

ಮೂರು, "ಬಾಡಿಗೆ ಗಾಡಿಯಲ್ಲಿ ಬಂದರೆ ನಮ್ಮ ಡ್ರೈವರ್ ಎಲ್ಲಿ ಊಟ ಮಾಡ್ತಾರೆ, ಎಲ್ಲಿ ಮಲಗ್ತಾರೆ" ಅಂತ ಕೇಳಿ. ಒಂದು ಮನೆಯ ಯೋಗ್ಯತೆ ಅಳೆಯೋಕೆ ನನಗೆ ಗೊತ್ತಿರೋ ಅತ್ಯಂತ ಸರಿಯಾದ ತಕ್ಕಡಿ ಇದು. ಡ್ರೈವರಿಗೆ ಹಿತ್ತಲಲ್ಲಿ ಬೇರೆ ತಟ್ಟೆ ಇಡೋ ಮನೆಯಲ್ಲಿ ನಿಮಗೆ ಸಿಗೋ ಮರ್ಯಾದೆ ನಿಮ್ಮ ಜಾತಿ ಗೊತ್ತಾಗೋ ತನಕ ಮಾತ್ರ.

ನಾಲ್ಕು, ಸುತ್ತಾಡಿಸೋಕೆ, ಅಡಿಗೆಗೆ ಸ್ಥಳೀಯ ಕೂಲಿ ಮನೆಗಳವರು ಯಾರಾದ್ರೂ ಇದ್ದಾರಾ ಕೇಳಿ. ಇದ್ದರೆ ದುಡ್ಡು ಅವರ ಕೈಗೇ ಕೊಡಿ.

ಮೂರನೇ ದಿನ. ಆಲ್ದೂರು, ಬಾಳೆಹೊನ್ನೂರು, ಕೊಪ್ಪ ದಾಟಿ ಕುಪ್ಪಳಿ. ಹೆಚ್ಚುಕಮ್ಮಿ 90 ಕಿ.ಮೀ., ಮೂರು ಗಂಟೆ ಇಟ್ಟುಕೊಳ್ಳಿ. ಹೊಸ ದಂಪತಿಗೆ ಈ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಪುರೋಹಿತ, ಮುಹೂರ್ತ, ವರದಕ್ಷಿಣೆ ಯಾವುದೂ ಬೇಡದ ಮಂತ್ರಮಾಂಗಲ್ಯವನ್ನ ಕುವೆಂಪು ಕೊಟ್ಟರು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನ ಹಾಗೇ ಮಾಡಿದರು. ಇವತ್ತಿಗೂ ಕುಪ್ಪಳಿಯ ಹೇಮಾಂಗಣದಲ್ಲಿ ಜೋಡಿಗಳು ಅದೇ ಥರ ಮದುವೆಯಾಗ್ತಾರೆ. ಸಂಜೆ ಕವಿಶೈಲದ ಬಂಡೆ ಮೇಲೆ ಕೂತ್ಕೊಳ್ಳಿ.

ಕೂತಾಗ ನಾಯಿಗುತ್ತಿಯನ್ನ ನೆನೆಸ್ಕೊಳ್ಳಿ. 1967ರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗೊತ್ತು. ಗುತ್ತಿ ಹೊಲೆಯ, ಹೆಗ್ಗಡೆ ಮನೆಯ ಜೀತದಾಳು. ಅವನು ಇಷ್ಟಪಟ್ಟ ತಿಮ್ಮಿ ಯಾರನ್ನ ಮದುವೆಯಾಗಬೇಕು ಅನ್ನೋದು ಒಡೆಯನ ಮರ್ಜಿ. ಗುತ್ತಿ ಅವಳನ್ನ ಹಾರಿಸಿಕೊಂಡು, ತನ್ನ ನಾಯಿ ಹುಲಿಯನ ಜೊತೆ ಇದೇ ಕಾಡು, ಇದೇ ಗುಡ್ಡ ಹತ್ತಿ ಇಳಿದು ಹೋಗ್ತಾನೆ. ಕೊನೆಗೆ ಉಕ್ಕೋ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತೆ. ಮಲೆನಾಡಿನ ಹನಿಮೂನ್ ದಾರಿ ಅಂತ ಒಂದಿದ್ದರೆ ಅದನ್ನ ಮೊದಲು ನಡೆದವರು ಗುತ್ತಿ ತಿಮ್ಮಿಯರು. ಗಾಡಿ ಇಲ್ಲ, ರೂಮಿಲ್ಲ, ಹಿಂದೆ ಒಡೆಯನ ಭಯ. ಇವತ್ತು ನೀವು ಕಾರಲ್ಲಿ ಹೋಗ್ತಿದ್ದೀರಿ. ಭಯ ಪೂರ್ತಿ ಹೋಗಿದೆಯಾ?

ಹೋಗಿಲ್ಲ. ಅದಕ್ಕೇ ಜಾತಿ ಮೀರಿ ಮದುವೆಯಾದವರಿಗೆ ಒಂದೆರಡು ಮಾತು. ಮದುವೆ ಸರ್ಟಿಫಿಕೇಟಿನ ಪ್ರತಿ ಗಾಡಿಯಲ್ಲಿರಲಿ. ಫೋಟೋ ಅಲ್ಲಿಂದಲೇ ಹಾಕಬೇಡಿ, ಊರಿಗೆ ಬಂದು ಹಾಕಿ. ನಂಬಿಕಸ್ಥರು ಒಬ್ಬರಿಗೆ ದಿನಾ ರಾತ್ರಿ ಎಲ್ಲಿದ್ದೀರಿ ಅಂತ ತಿಳಿಸಿ. ತುರ್ತಿಗೆ 112. ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ, ವಯಸ್ಕರಿಬ್ಬರ ಮದುವೆಗೆ ಕುಟುಂಬದ್ದಾಗಲಿ ಜಾತಿ ಪಂಚಾಯ್ತಿಯದ್ದಾಗಲಿ ಒಪ್ಪಿಗೆ ಬೇಕಿಲ್ಲ, ಬೆದರಿಕೆ ಇದ್ದರೆ ರಕ್ಷಣೆ ಕೊಡೋದು ಪೊಲೀಸರ ಕೆಲಸ. ಆ ತೀರ್ಪಿನ ಹೆಸರು ಮೊಬೈಲಲ್ಲಿ ಬರೆದಿಟ್ಟುಕೊಳ್ಳಿ. ಇದೆಲ್ಲ ಹನಿಮೂನ್ ಪಟ್ಟಿಯಲ್ಲಿ ಇರಬಾರದು ಅಂತ ನನಗೂ ಅನ್ಸುತ್ತೆ. ಇರಬೇಕಾಗಿ ಬಂದದ್ದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು?

ನಾಲ್ಕನೇ ದಿನ. ತೀರ್ಥಹಳ್ಳಿ ಮೇಲೆ ಆಗುಂಬೆ, 50 ಕಿ.ಮೀ. ಆಸುಪಾಸು. ಮಳೆಗಾಲದಲ್ಲಿ ಬೇಡ, ಜಿಗಣೆ ಒಂದು ಕಡೆ, ಗುಡ್ಡ ಜರಿಯೋದು ಇನ್ನೊಂದು ಕಡೆ. ಸಂಜೆ ಮೋಡ ಇಲ್ಲದಿದ್ದರೆ ಸೂರ್ಯಾಸ್ತ ಸಿಗುತ್ತೆ. ಘಟ್ಟ ಇಳಿದು ಸಮುದ್ರಕ್ಕೆ ಹೋಗೋದು ನಿಮಗೆ ಬಿಟ್ಟದ್ದು. 2009ರಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನ ಹೊಡೆದದ್ದು ಮರೆತಿಲ್ಲ. ಎಂಜಲೆಲೆ ಮೇಲೆ ಉರುಳೋ ಮಡೆಸ್ನಾನ ನಿಲ್ಲಿಸೋಕೆ ಈ ರಾಜ್ಯಕ್ಕೆ 2017ರಲ್ಲಿ ಒಂದು ಕಾಯ್ದೆಯೇ ಬೇಕಾಯ್ತು ಅನ್ನೋದನ್ನೂ ಮರೆತಿಲ್ಲ. ಹಾಗಂತ ಸಮುದ್ರ ಅವರಪ್ಪಂದಲ್ಲ. ಐದು ದಿನಕ್ಕೆ ಇಷ್ಟು ಸಾಕು ಅಂತ ನನ್ನ ಲೆಕ್ಕ, ಅಷ್ಟೆ.

ಐದನೇ ದಿನ. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು, ಬೆಂಗಳೂರು. 360 ಕಿ.ಮೀ. ಮೇಲೆ, ಎಂಟು ಗಂಟೆ ಹಿಡಿಯುತ್ತೆ. ಐದೂ ದಿನದ್ದು ಸೇರಿಸಿದರೆ 800 ಚಿಲ್ಲರೆ ಕಿ.ಮೀ., ಲೀಟರಿಗೆ 15 ಕೊಟ್ಟರೂ 54 ಲೀಟರ್ ಪೆಟ್ರೋಲು. ಸಾಲ ಮಾಡಿ ವಿದೇಶಕ್ಕೆ ಹೋಗೋದಕ್ಕಿಂತ ಇದು ವಾಸಿ.

ಭದ್ರಾವತಿಯಲ್ಲಿ ಟೀ ಕುಡಿಯೋಕೆ ಇಳೀರಿ. ಸೆಲ್ಫಿಗೆ ಜಾಗ ಏನಿಲ್ಲ. ಆದರೆ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಣ್ಣುಬಿಟ್ಟದ್ದು ಇದೇ ಊರಲ್ಲಿ. ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿ ಕಾಲೇಜು ಮೇಷ್ಟ್ರಾಗಿದ್ದರು. ಹಳ್ಳಿ ಹೋಟೆಲಿನ ಬೇರೆ ಲೋಟದ ವಿರುದ್ಧ ಅವತ್ತಿನವರು ಬೀದಿಗಿಳಿದದ್ದಕ್ಕೆ, ಇವತ್ತು ನಾವು ಯಾವುದೋ ಊರಿನ ಹೋಟೆಲಿಗೆ ಹೋಗಿ "ಎರಡು ಟೀ" ಅಂತ ಗಟ್ಟಿಯಾಗಿ ಹೇಳ್ತಿರೋದು.

ಈ ರೂಟು ಪೂರ್ತಿ ಅಲ್ಲ. ಒಬ್ಬ ಪೋಸ್ಟ್‌ಮ್ಯಾನ್ ಮಾಡಿದ ಕೆಲಸವನ್ನ ನಾವೆಲ್ಲ ಸೇರಿ ಮಾಡೋಣ. ನೀವು ಹೋದ ಕಡೆ ಪೈಕಿ ಕೇಳದೆ ರೂಮು ಕೊಟ್ಟವರು, ಡ್ರೈವರಿಗೂ ಒಂದೇ ಮೇಜಲ್ಲಿ ಬಡಿಸಿದವರು ಸಿಕ್ಕಿದ್ದರೆ, ಅವರ ಒಪ್ಪಿಗೆ ಪಡೆದು ಕೆಳಗೆ ಹೆಸರು ಬರೀರಿ. ಒಳ್ಳೆಯವರ ಪಟ್ಟಿ ಬೆಳೀಲಿ. ಆ ಪಟ್ಟಿ ಯಾರಿಗೂ ಬೇಡ ಅನ್ನೋ ದಿನ ಬಂದಾಗ ನಾನೇ ಹರಿದು ಹಾಕ್ತೀನಿ.

ಅಲ್ಲಿವರೆಗೆ, ಹೊಸ ಜೋಡಿಗಳೇ, ಹೋಗಿಬನ್ನಿ. ತಲೆ ಎತ್ತಿ ಹೋಗಿ, ಹೊಟ್ಟೆ ತುಂಬ ತಿನ್ನಿ, ಬೆಟ್ಟ ನೋಡಿ.

ಜೈಭೀಮ್.