ಬಿಳಿ ಗೋಡೆಗಳ ಕಾಲದಲ್ಲಿ ಕೆಂಪು ನೆಲದ ಪರ

ಸಾಗರ, ಸೊರಬ ಕಡೆಯ ದೀವರ ಮನೆಯಲ್ಲಿ ಮದುವೆ ಎಂದರೆ ಗೋಡೆಯೂ ಸಿಂಗಾರಗೊಳ್ಳಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಎಲ್ಲವೂ ಹಿತ್ತಲು, ಗದ್ದೆ, ಕಾಡಿನಿಂದ ಬಂದದ್ದು. ಎಳೆಗೆ ಎಳೆ ಕೂಡಿಸಿ ಬರೆದ ಆ ಚಿತ್ತಾರದ ಮುಂದೆ ಮದುಮಕ್ಕಳು ಹಸೆಗೆ ಕೂರುತ್ತಾರೆ.

ಅದೇ ಊರಿನಿಂದ ಬೆಂಗಳೂರಿಗೆ ಬಂದ ಕುಟುಂಬ ಫ್ಲ್ಯಾಟ್ ಕೊಂಡಾಗ ಏನಾಗುತ್ತದೆ? ತಿಳಿಕಂದು ವಿಟ್ರಿಫೈಡ್ ಟೈಲ್ಸ್, ಬಿಳಿ ಗೋಡೆ, ಸುತ್ತ ದೀಪದ ಪಟ್ಟಿ ಅಡಗಿಸಿದ ಪಿಒಪಿ ಫಾಲ್ಸ್ ಸೀಲಿಂಗ್, ಟಿ.ವಿ. ಹಿಂದೆ ಬೂದು ಬಣ್ಣದ ಲ್ಯಾಮಿನೇಟ್ ಹಲಗೆ. ಈ ಮನೆಯ ಫೋಟೊವನ್ನೂ ಹುಬ್ಬಳ್ಳಿಯ ಹೊಸ ಬಡಾವಣೆಯ ಮನೆಯೊಂದರ ಫೋಟೊವನ್ನೂ ಅದಲುಬದಲು ಮಾಡಿದರೆ ಮನೆಯವರಿಗೇ ಗುರುತು ಹತ್ತುವುದು ಕಷ್ಟ. ಲಕ್ಷಗಟ್ಟಲೆ ಖರ್ಚಾಗಿದೆ, ಆದರೆ ಆ ಮನೆ ಯಾರದು, ಯಾವ ಊರಿನದು ಎಂಬ ಸುಳಿವಿಲ್ಲ.

ಕೊರತೆ ಹಣದ್ದಲ್ಲ, ಅಭಿರುಚಿಯದೂ ಅಲ್ಲ. ಬಣ್ಣ ಮತ್ತು ಕುಸುರಿಯನ್ನು ಮನೆ ಕಟ್ಟಿ ಮುಗಿದ ಮೇಲೆ ಅಂಟಿಸುವ ಅಲಂಕಾರ ಎಂದು ತಿಳಿದಿರುವುದೇ ತೊಂದರೆಯ ಬೇರು. ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಬಣ್ಣ ಸುತ್ತಲಿನ ಮಣ್ಣಿನಿಂದ ಬಂತು, ಕುಸುರಿ ಮಾಡಬೇಕಾದ ಕೆಲಸದಿಂದ ಹುಟ್ಟಿತು. ಹೊಸ ಮನೆಗಳಿಗೂ ಚಹರೆ ಬರಬೇಕಾದರೆ ಹಿಡಿಯಬೇಕಾದ ದಾರಿ ಇದೇ.

ತೊಟ್ಟಿ ಮನೆಯನ್ನೇ ನೋಡಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳ ಸಾಲು. ಕಂಬಗಳು ಸೂರನ್ನು ಹೊರುತ್ತವೆ. ಒಳಗಿನ ಬಿಸಿಗಾಳಿ ತೊಟ್ಟಿಯ ಮೂಲಕ ಮೇಲೇರಿ ಹೋಗುತ್ತದೆ, ಹೊರಗಿನ ಗಾಳಿ ಒಳಬರುತ್ತದೆ. ಕಂಬದ ಬೋದಿಗೆಯಲ್ಲಿ ಬಡಗಿ ಹೂವು, ಗಿಳಿ ಕೆತ್ತಿದ, ನಿಜ. ಆದರೆ ತೊಲೆಯ ಭಾರವನ್ನು ಕಂಬಕ್ಕೆ ಹಂಚಲು ಬೋದಿಗೆ ಅಲ್ಲಿ ಬೇಕೇ ಬೇಕಿತ್ತು. ಬಯಲುಸೀಮೆಯ ಮಾಳಿಗೆ ಮನೆಯ ದಪ್ಪ ಮಣ್ಣುಗೋಡೆಯಲ್ಲಿ ಕಿಟಕಿಗಳು ಕಡಿಮೆ. ಹಾಗಾಗಿ ಚಾವಣಿಯಲ್ಲಿ ಗವಾಕ್ಷಿ ಬಂತು, ಅದರಿಂದ ಇಳಿಯುವ ಬಿಸಿಲಕೋಲು ಅಡುಗೆಮನೆಯಲ್ಲಿ ಹೊತ್ತು ತಿಳಿಸಿತು. ಗೋಡೆಯ ದಪ್ಪದಲ್ಲೇ ಕೊರೆದ ಮಾಡ ದೀಪಕ್ಕೂ ಕುಂಕುಮದ ಭರಣಿಗೂ ಜಾಗ ಕೊಟ್ಟಿತು. ಇವುಗಳಲ್ಲಿ ಒಂದನ್ನೂ ಶೋಕಿಗಾಗಿ ಮಾಡಿದ್ದಲ್ಲ. ನೋಡಲು ಚೆನ್ನಾಗಿ ಕಂಡದ್ದಕ್ಕೆ ಅರ್ಧ ಕಾರಣವೇ ಅದು.

ಬಣ್ಣದ ಕತೆಯೂ ಹೀಗೆಯೇ. ಉತ್ತರ ಕನ್ನಡದಿಂದ ಗೋವೆಯವರೆಗೆ ಕರಾವಳಿಯ ದೇವಸ್ಥಾನ ಮತ್ತು ಮನೆಗಳ ಗೋಡೆಗಳಲ್ಲಿ ಕಾವಿ ಕಲೆ ಕಾಣುತ್ತದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬೆರೆಸಿದ ಗಾರೆಯ ತೆಳು ಪದರ ಬಳಿದು, ಅದು ಹಸಿಯಿರುವಾಗಲೇ ಮೊನಚು ಕಡ್ಡಿಯಿಂದ ಕೆರೆಯುತ್ತಾರೆ. ಕೆರೆದಲ್ಲೆಲ್ಲ ಕೆಳಗಿನ ಬಿಳಿ ಮೇಲೆದ್ದು ಬಳ್ಳಿಯಾಗುತ್ತದೆ, ನವಿಲಾಗುತ್ತದೆ. ಬಣ್ಣ ಇಲ್ಲಿ ಗೋಡೆಯ ಮೈಯೊಳಗೇ ಸೇರಿಕೊಂಡಿರುವುದರಿಂದ ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಬೇಗ ಬಗ್ಗುವುದಿಲ್ಲ. ಲೇಖಕ, ವಿಜ್ಞಾನಿ ಕೃಷ್ಣಾನಂದ ಕಾಮತರು ಈ ಕಲೆಯನ್ನು ಹುಡುಕಿ ದಾಖಲಿಸಿದರು. ಅವರು ಕಂಡ ಬಗೆಯ ಎಷ್ಟೋ ಗೋಡೆಗಳ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆಬಣ್ಣವೋ ಟೈಲ್ಸೋ ಬಂದು ಕೂತಿರುವುದು ನೋವಿನ ಸಂಗತಿ.

ಹಾಗೆಂದು ಹಳೆಯದಷ್ಟೇ ಚೆಂದ ಎಂದು ವಾದಿಸಬೇಕಾಗಿಲ್ಲ. ಇಂದು ಕರಾವಳಿ, ಮಲೆನಾಡಿನ ಮನೆಗಳ ಗುರುತಾಗಿರುವ ಮಂಗಳೂರು ಹೆಂಚು ಕಾರ್ಖಾನೆಯ ಮಾಲು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಕಟ್ಟಿದಾಗ ಅದು ಆ ಕಾಲದ ಹೊಸ ತಂತ್ರಜ್ಞಾನ. ಆದರೆ ಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯದು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಆಕಾರ ಜಡಿಮಳೆಗೆ ಹೇಳಿ ಮಾಡಿಸಿದ್ದು. ನಡುವೆ ಒಂದೆರಡು ಗಾಜಿನ ಹೆಂಚು ಸಿಕ್ಕಿಸಿದರೆ ಹಗಲಿಗೆ ದೀಪವೇ ಬೇಡ. ಊರಿನ ಮಣ್ಣಿಗೂ ಹವೆಗೂ ಒಗ್ಗಿದ ಯಂತ್ರದ ಮಾಲೂ ಮನೆಗೆ ಚಹರೆ ಕೊಡಬಲ್ಲದು.

ಒಳಾಂಗಣದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ರೆಡ್ ಆಕ್ಸೈಡ್ ನೆಲ. ಮೈಸೂರು, ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಹುಟ್ಟಿ ಬೆಳೆದವರ ಅಂಗಾಲಿಗೆ ಅದರ ತಂಪು ಗೊತ್ತು. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ಕಾಂಕ್ರೀಟ್ ತಳದ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾಗುವ ಮುನ್ನ ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸುತ್ತಾರೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ವರ್ಷಗಳು ಕಳೆದಂತೆ ನಡೆದಾಡುವ ಪಾದ, ಒರೆಸುವ ಬಟ್ಟೆ, ಆಗೊಮ್ಮೆ ಈಗೊಮ್ಮೆ ತಿಕ್ಕಿದ ಕೊಬ್ಬರಿ ಎಣ್ಣೆ ಸೇರಿ ಹೊಳಪು ಹೆಚ್ಚುತ್ತದೆ.

ಆ ಮನೆಗಳ ಗೋಡೆಯೂ ಬಿಳಿಯೇ ಆಗಿತ್ತಲ್ಲ ಎಂದು ಕೇಳಬಹುದು. ಹೌದು, ಆದರೆ ಆ ಬಿಳಿ ಒಂಟಿಯಾಗಿರಲಿಲ್ಲ. ಕಿಟಕಿಯಿಂದ ಬಿದ್ದ ಬೆಳಕು ಕೆಂಪು ನೆಲಕ್ಕೆ ತಾಗಿ ಪುಟಿದು ಸುಣ್ಣದ ಗೋಡೆಗೆ ತುಸು ಬೆಚ್ಚನೆಯ ಛಾಯೆ ಕೊಡುತ್ತಿತ್ತು. ಜೊತೆಗೆ ತೇಗದ ಬಾಗಿಲಿನ ಕಂದು, ಕಿಟಕಿ ಸರಳುಗಳ ಹಸಿರು. ತಿಳಿ ಟೈಲ್ಸಿನ ಮೇಲೆ ಬಿಳಿ ಗೋಡೆ, ಬಿಳಿ ಗೋಡೆಯ ಮೇಲೆ ಬಿಳಿ ಚಾವಣಿ ಇದ್ದರೆ ಬೆಳಕಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಬಣ್ಣ ಆರಿಸುವವರು ಅಂಗಡಿಯ ಶೇಡ್ ಕಾರ್ಡಿಗಿಂತ ಮೊದಲು ನೋಡಬೇಕಾದದ್ದು ಈ ಬೆಳಕನ್ನು. ಉತ್ತರದ ಕಿಟಕಿಗೆ ವರ್ಷದ ಹೆಚ್ಚು ಕಾಲ ನೇರ ಬಿಸಿಲಿಲ್ಲ. ಅಲ್ಲಿನ ಬೆಳಕು ತಣ್ಣಗಿರುವುದರಿಂದ ಬೂದು, ತಿಳಿನೀಲಿ ಅಲ್ಲಿ ಸಪ್ಪೆಯಾಗುತ್ತವೆ. ಅರಿಸಿನ, ಇಟ್ಟಿಗೆಗೆಂಪು ಅರಳುತ್ತವೆ. ಪಡುವಣದ ಸಂಜೆಬಿಸಿಲು ಬೀಳುವ ಕೋಣೆಗೆ ಹಸಿರು, ನೀಲಿ ತಂಪೆರೆಯುತ್ತವೆ. ರಾತ್ರಿಯ ಲೆಕ್ಕ ಬೇರೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 6500 ಕೆಲ್ವಿನ್‌ನ ಟ್ಯೂಬ್‌ಲೈಟ್ ಕೆಂಪನ್ನೂ ಹಳದಿಯನ್ನೂ ಮಂಕು ಮಾಡುತ್ತದೆ, 2700ರಿಂದ 3000 ಕೆಲ್ವಿನ್‌ನ ದೀಪದಲ್ಲಿ ಅದೇ ಗೋಡೆಗೆ ಜೀವ ಬರುತ್ತದೆ. ಆದ್ದರಿಂದ ಎರಡಡಿ ಅಗಲ, ಎರಡಡಿ ಉದ್ದದ ತೇಪೆ ಬಳಿದು ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ ತೀರ್ಮಾನಿಸುವುದು ಲೇಸು. ಗಾಢ ಬಣ್ಣ ಕೋಣೆಯನ್ನು ಚಿಕ್ಕದು ಮಾಡುತ್ತದೆ ಎಂಬ ಭಯಕ್ಕೆ ಉತ್ತರ ಬೇಕಿದ್ದವರು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. 1784ರ ಆ ತೇಗದ ಕಟ್ಟಡದ ಗೋಡೆ, ಕಂಬ, ಚಾವಣಿಗಳಲ್ಲಿ ಚಿತ್ತಾರವಿಲ್ಲದ ಜಾಗ ಹುಡುಕಬೇಕು, ಆದರೂ ಒಳಗೆ ಇಕ್ಕಟ್ಟೆನಿಸುವುದಿಲ್ಲ. ಸುತ್ತಲ ಮೊಗಸಾಲೆಯಿಂದ ಸೋಸಿ ಬರುವ ಬೆಳಕು ಬಣ್ಣಗಳನ್ನು ಹದದಲ್ಲಿಡುತ್ತದೆ.

ಫ್ಲ್ಯಾಟಿನಲ್ಲಿ ತೊಟ್ಟಿ ತೋಡಲಾಗದು, ಗವಾಕ್ಷಿ ಕೊರೆಯಲಾಗದು. ಆದರೂ ಮಾಡಬಹುದಾದ ಕೆಲಸ ಬಹಳವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಅಷ್ಟಕ್ಕಷ್ಟೇ ಇರುವ ಎತ್ತರದಿಂದ ಅರ್ಧ ಅಡಿಯನ್ನು ಪಿಒಪಿಗೆ ಕೊಡುವ ಬದಲು ಅದೇ ಹಣದಲ್ಲಿ ಕಿಟಕಿಯಡಿ ಕೂರಲು ಕಲ್ಲಿನ ಜಗಲಿ ಮಾಡಿಸಬಹುದು. ಸಾದರಹಳ್ಳಿ ಕಲ್ಲೋ ಶಹಾಬಾದ್ ಕಲ್ಲೋ ಸಾಕು. ಬಾಲ್ಕನಿಯ ನೆಲಕ್ಕೆ, ಊಟದ ಕೋಣೆಯ ನಡುವೆ ಚೆಟ್ಟಿನಾಡಿನ ಅತ್ತಂಗುಡಿ ಟೈಲ್ಸ್ ಹಾಕಿಸಬಹುದು. ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟ್ ಸುರಿದು ಕೈಯಲ್ಲೇ ಮಾಡುವ ಇವಕ್ಕೆ ಗೂಡಿನ ಬೆಂಕಿಯೂ ಬೇಡ. ಸ್ವಂತ ಮನೆ ಕಟ್ಟುವವರು ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ಕಟ್ಟಿದ ಇಟ್ಟಿಗೆಯ ಜಾಲಿಗಳನ್ನು ನೋಡಿ ಬರಲಿ. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಏರಿಸಿದ ಗೋಡೆ ಗಾಳಿ ಬಿಡುತ್ತದೆ, ಮರೆ ಕೊಡುತ್ತದೆ, ಹಗಲೆಲ್ಲ ನೆಲದ ಮೇಲೆ ನೆರಳಿನ ರಂಗೋಲಿ ಬಿಡಿಸುತ್ತದೆ. ಗಾರೆಯೂ ಬೇಡ, ಪೇಂಟೂ ಬೇಡ, ಹಾಗಾಗಿ ಖರ್ಚೂ ಕಡಿಮೆ.

ಹಳೆಯ ಮನೆ ಕೆಡವಿದಾಗ ಮಾರಾಟಕ್ಕೆ ಬರುವ ಬಾಗಿಲು, ಕಂಬಗಳನ್ನು ತಂದು ಬಳಸುವ ರೂಢಿ ಈಗ ಬೆಳೆದಿದೆ. ಇದಕ್ಕೆ ದೊಡ್ಡ ದಾರಿ ತೋರಿದವರು ಮಣಿಪಾಲದ ವಿಜಯನಾಥ ಶೆಣೈ. ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಸಭಾಂಗಣದಂಥ ಕಟ್ಟಡಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ಕಂಬ ಇಂದಿಗೂ ಕಂಬದ ಕೆಲಸವನ್ನೇ ಮಾಡುತ್ತಿದೆ. ಡ್ರಾಯಿಂಗ್ ರೂಮಿನ ಮೂಲೆಯಲ್ಲಿ ಏನನ್ನೂ ಹೊರದೆ ನಿಂತ ಕಂಬಕ್ಕೆ ಆ ಘನತೆಯಿಲ್ಲ. ಹಳೆಯ ಬಾಗಿಲನ್ನು ಬಾಗಿಲಾಗಿಯೇ ಹೂಡಬೇಕು. ಅದರ ಬಣ್ಣ ಕೆರೆಸುವಾಗ ಎಚ್ಚರವೂ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಯಾದದ್ದು 2017ರಲ್ಲಿ, ಅದಕ್ಕೆ ಹಿಂದಿನ ಬಣ್ಣದ ಧೂಳು ಮಕ್ಕಳ ಮೈಗೆ ಸೇರಬಾರದು.

ಗಾಢ ಬಣ್ಣ ಬಳಿದರೆ, ಕೆಂಪು ನೆಲ ಮಾಡಿಸಿದರೆ ನಾಳೆ ಮನೆ ಮಾರಲಾಗದು ಎನ್ನುವವರಿದ್ದಾರೆ. ಗೋಡೆಯ ಬಣ್ಣ ಬದಲಿಸುವುದು ಎರಡು ದಿನದ ಕೆಲಸ. ಇಪ್ಪತ್ತು ವರ್ಷ ಬಾಳಬೇಕಾದ ಮನೆಯನ್ನು ಇನ್ನೂ ಕಾಣದ ಯಾರೋ ಗಿರಾಕಿಯ ರುಚಿಗೆ ಒಪ್ಪಿಸುವುದರಲ್ಲಿ ಅರ್ಥವಿಲ್ಲ.

ನಿಜವಾದ ಅಡ್ಡಿ ಬೇರೆ. ಕೆಂಪು ನೆಲ ಕೇಳುವವರು ಮತ್ತೆ ಹುಟ್ಟಿಕೊಂಡಿದ್ದಾರೆ, ಹಾಕಬಲ್ಲ ಮೇಸ್ತ್ರಿಗಳು ಸಿಗುತ್ತಿಲ್ಲ. ಮಿಶ್ರಣದ ಹದ ತಪ್ಪಿದರೆ, ನೀರು ಸಾಲದಾದರೆ ನೆಲ ಬಿರುಕು ಬಿಡುತ್ತದೆ, ತೇಪೆ ತೇಪೆಯಾಗಿ ಕಾಣುತ್ತದೆ. ಒಮ್ಮೆ ಹಾಗಾದರೆ ಆ ಬೀದಿಯಲ್ಲಿ ಇನ್ನೊಬ್ಬರು ಧೈರ್ಯ ಮಾಡುವುದಿಲ್ಲ. ಕಾವಿ ಗಾರೆ, ಸುಣ್ಣದ ಕೆಲಸ, ಕಲ್ಲಿನ ಜೋಡಣೆ ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಸರ್ಕಾರಿ ಐಟಿಐಗಳ ಕಟ್ಟಡ ಕೆಲಸದ ತರಗತಿಗಳಿಗೆ ಅವರನ್ನು ಗುರುಗಳಾಗಿ ಕರೆಸಿ, ದಿನಗೂಲಿಗಿಂತ ಹೆಚ್ಚಿನ ಸಂಭಾವನೆ ಕೊಟ್ಟು ಹುಡುಗರ ಕೈಗೆ ಕರಣೆ ಕೊಡಿಸಬೇಕು. ನೆಲದ ಟೈಲ್ಸ್, ಗೋಡೆಯ ಬಣ್ಣವನ್ನು ಬಿಲ್ಡರ್‌ಗಳು ತಾವೇ ಮುಗಿಸಿ ಕೊಡುವ ಬದಲು ಕೊಳ್ಳುವವರ ಆಯ್ಕೆಗೆ ಬಿಟ್ಟು, ಅಷ್ಟು ಹಣವನ್ನು ಬೆಲೆಯಲ್ಲಿ ಇಳಿಸಬೇಕು. ಇವೆರಡಾದರೆ ಈಗ ಸಾಲು ಸಾಲಾಗಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲೂ ಒಂದೊಂದು ಬಾಗಿಲ ಹಿಂದೆ ಒಂದೊಂದು ಬೇರೆ ಮನೆ ಇರಲು ಸಾಧ್ಯ.